ಬೆರಳಿಗೆ ತಾಕದ ಗೆರೆ

೮ ಮಾರ್ಚ್ ೧೯೯೮, ರವಿವಾರ. ಮಾಧವನಗರ

ಹೊಸ ವರ್ಷಕ್ಕೆಂದು ನಮ್ಮ ಪ್ರೆಸ್ಸಿನ ಮಾಲಕ ನೀಲೇಶ ಎಲ್ಲರಿಗೂ ಹಂಚಿದ ಡೈರಿ ಇದು. ಎರಡು ತಿಂಗಳು ಟ್ರಂಕಿನ ಮೇಲೆ ಬಿದ್ದಿತ್ತು. ಇವತ್ತು ತೆಗೆದದ್ದು ಬರೆಯುವ ಹುಕಿಯಿಂದಲ್ಲ, ಸಿಟ್ಟಿನಿಂದ. ರಟ್ಟಿನ ಮೇಲೆ ಬಂಗಾರದ ಅಕ್ಷರದಲ್ಲಿ ಪ್ರೆಸ್ಸಿನ ಹೆಸರಿದೆ. ಆ ಹೆಸರಿನ ಡಾಯನ್ನು, ಅಂದರೆ ಒತ್ತುವ ಅಚ್ಚನ್ನು, ಉಕ್ಕಿನ ಮೇಲೆ ಕೆತ್ತಿದವನು ನಾನು, ೧೯೭೧ರಲ್ಲಿ, ನೀಲೇಶನ ಅಪ್ಪ ಬದುಕಿದ್ದಾಗ. ಹನ್ನೊಂದು ದಿನದ ಕೆಲಸ. ಈಗ ಆ ಡಾಯ್ ಬೇಡವಂತೆ, ಹೊಸ ಯಂತ್ರ ಬಂದಿದೆ. ಸಾದಾ ಆಫ್‌ಸೆಟ್‌ನಲ್ಲಿ ಮುದ್ರಿಸಿ, ಶಾಯಿ ಹಸಿ ಇರುವಾಗಲೇ ರಾಳದ ಪುಡಿ ಉದುರಿಸಿ, ಕಾವು ಕೊಟ್ಟರೆ ಅಕ್ಷರ ಹಪ್ಪಳದಂತೆ ಉಬ್ಬುತ್ತದೆ. ಕೆತ್ತನೆಯ ಸೋಗು. ಸಾಂಗ್ಲಿಯ ಅರಿಷಿಣ ವ್ಯಾಪಾರಿಗಳು ತಮ್ಮ ಹೊಸ ವಿಸಿಟಿಂಗ್ ಕಾರ್ಡಿನ ಮೇಲೆ ಬೆರಳಾಡಿಸಿ ತಲೆದೂಗುತ್ತಾರೆ. ನಾನೂ ಆಡಿಸಿ ನೋಡಿದೆ. ಅವರು ಹೇಳುವಂಥ ಉಬ್ಬೇನೂ ನನಗೆ ತಾಕಲಿಲ್ಲ. ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದರೆ ಜನರ ಬೆರಳಿಗೂ ಭ್ರಮೆ ಹಿಡಿಯುತ್ತದೆ.

ಕನ್ನಡದಲ್ಲಿ ಬರೆಯುತ್ತಿದ್ದೇನೆ. ಈ ಮರಾಠಿ ಸೀಮೆಯ ಪ್ರೆಸ್ಸಿನಲ್ಲಿ ಕನ್ನಡ ಆಡುವವರಿದ್ದಾರೆ, ಓದುವವರಿಲ್ಲ. ನನ್ನ ಹೆಂಡತಿ ಶಾಲನಳಿಗೆ ಓದಲು ಬರುತ್ತದೆ, ಪುರುಸೊತ್ತಿಲ್ಲ. ಹೀಗಾಗಿ ಏನು ಬರೆದರೂ ಗಂಡಾಂತರವಿಲ್ಲ.

೨೨ ಮಾರ್ಚ್, ರವಿವಾರ

ಜ್ಯೋತೆಪ್ಪ ಬಂದಿದ್ದ. ಇಪ್ಪತ್ತಾರು ವರ್ಷಗಳಿಂದ ರವಿವಾರ ಎಂದರೆ ಜ್ಯೋತೆಪ್ಪ. ಮಿರಜ ಜಂಕ್ಷನ್ನಿನಲ್ಲಿ ಟಪಾಲು ವಿಂಗಡಿಸುವ ಕೆಲಸ ಅವನದು. ಊರೂರಿನ ಕಾಗದಗಳನ್ನು ಆಯಾ ಊರಿನ ಗೂಡಿಗೆ, ಖಣಕ್ಕೆ, ಹಾಕುತ್ತ ಹಾಕುತ್ತ ಸ್ಟಾಂಪಿನ ಹುಚ್ಚು ಹತ್ತಿಸಿಕೊಂಡವನು. ನನ್ನ ಹುಚ್ಚು ಅಪ್ಪನಿಂದ ಬಂದದ್ದು. ಅಪ್ಪ ಮಿರಜದ ದವಾಖಾನೆಯೊಂದರಲ್ಲಿ ಮಾಲಿಯಾಗಿದ್ದ. ಅಲ್ಲಿನ ಪರದೇಶಿ ಡಾಕ್ಟರರು ಓದಿ ಬಿಸಾಡಿದ ಲಕೋಟೆಗಳನ್ನು ನನಗೆಂದು ಆಯ್ದು ತರುತ್ತಿದ್ದ. ಸ್ವೀಡನ್, ಝೆಕೊಸ್ಲೊವಾಕಿಯಾ, ಫ್ರಾನ್ಸ್. ಒಟ್ಟು ನಲವತ್ತೆರಡು ಸ್ಟಾಂಪು, ಎಲ್ಲವೂ ಉಕ್ಕಿನ ಮೇಲೆ ಕೈಯಿಂದ ಕೆತ್ತಿ ಅಚ್ಚು ಹಾಕಿದವು. ಚುಕ್ಕೆ ಇಲ್ಲ, ಫೋಟೊ ಇಲ್ಲ, ಬರೀ ಗೆರೆ. ಒಂದು ಸ್ಟಾಂಪಿನಲ್ಲಿ ಒಬ್ಬ ಮುದುಕಿ ಇದ್ದಾಳೆ, ಅವಳ ಗಲ್ಲದ ಸುಕ್ಕಿಗೇ ಹದಿನೇಳು ಗೆರೆ. ಕೆಲವುಗಳ ಅಡಿಯಲ್ಲಿ ಕೆತ್ತಿದವನ ಹೆಸರೂ ಇದೆ, ಸಾಸಿವೆಗಿಂತ ಸಣ್ಣ ಅಕ್ಷರದಲ್ಲಿ. ನಾನು ಈ ಕಸಬು ಕಲಿತದ್ದು ಯಾವ ಗುರುವಿನ ಹತ್ತಿರವೂ ಅಲ್ಲ, ಆ ನಲವತ್ತೆರಡರ ಮುಂದೆ ಕೂತು.

ಜೂನ್‌ನಲ್ಲಿ ಸಾಂಗ್ಲಿಯಲ್ಲಿ ಸ್ಟಾಂಪಿನ ಪ್ರದರ್ಶನವಿದೆ. ಜ್ಯೋತೆಪ್ಪ ನಮ್ಮ ಸಂಗ್ರಾಹಕರ ಮಂಡಳಿಯ ಸೆಕ್ರೆಟರಿ. ಪುಸ್ತಿಕೆಯಲ್ಲಿ ನಿನ್ನ ಸ್ಟಾಂಪುಗಳ ಚಿತ್ರ ಹಾಕಬೇಕು, ಆಲ್ಬಮ್ ಕೊಡು ಎಂದ. ಅವನ ಮಗಳು ಸಂಪದಾ ನಮ್ಮ ಪ್ರೆಸ್ಸಿನಲ್ಲೇ ಕಂಪ್ಯೂಟರಿಗೆ ಕೂರುತ್ತಾಳೆ, ಸ್ಕ್ಯಾನ್ ಮಾಡುವವಳು ಅವಳೇ. ಕೊಟ್ಟೆ. ಆಲ್ಬಮ್ ನನ್ನನ್ನು ಬಿಟ್ಟು ಹೊಸ್ತಿಲು ದಾಟಿದ್ದು ಇದೇ ಮೊದಲು.

ಹೋಗುವ ಮುಂಚೆ ಅವನು ನಾಲ್ಕು ಹೊಸ ಪರದೇಶಿ ಸ್ಟಾಂಪು ತೋರಿಸಿದ. ನೋಡಲು ಕೆತ್ತನೆಯೇ. ಆದರೆ ಗೆರೆ ಎಳೆದದ್ದು ಕಂಪ್ಯೂಟರ್, ಅಚ್ಚು ಹಾಕಿದ್ದು ಆಫ್‌ಸೆಟ್. ನಿಜವಾದ ಕೆತ್ತನೆಯಲ್ಲಿ ಶಾಯಿ ತಗಡಿನ ಗೆರೆಯೊಳಗಿಂದ ಎದ್ದು ಕಾಗದದ ಮೇಲೆ ನಿಲ್ಲುತ್ತದೆ, ಬೆರಳಿಗೆ ತಾಕುತ್ತದೆ. ಕಣ್ಣು ಮುಚ್ಚಿ ಬೆರಳಿಟ್ಟೆ. ನಾಲ್ಕೂ ಚಪ್ಪಟೆ. ಕಣ್ಣಿಗೆ ಮಣ್ಣೆರಚಬಹುದು, ಬೆರಳಿಗೆ ಎರಚಲಾಗದು ಎಂದೆ. ಜ್ಯೋತೆಪ್ಪ ನಕ್ಕು ಒಪ್ಪಿದ. ಈ ಜಿಲ್ಲೆಯಲ್ಲಿ ಸ್ಟಾಂಪು ಖರೆಯೋ ಖೊಟ್ಟಿಯೋ ಎಂಬ ಜಗಳ ಎದ್ದಾಗಲೆಲ್ಲ ಕೊನೆಗೆ ನನ್ನ ಬೆರಳಿನ ಹತ್ತಿರವೇ ಬರುತ್ತಾರೆ. ಅದು ಅವನಿಗೂ ಗೊತ್ತು.

೧೯ ಎಪ್ರಿಲ್, ರವಿವಾರ

ಸಂಪದಾ ನಿನ್ನೆ ಪುಸ್ತಿಕೆಯ ರಟ್ಟು ತಂದು ತೋರಿಸಿದಳು. ನನ್ನ ಮುದುಕಿಯ ಸ್ಟಾಂಪನ್ನು ಅಂಗೈಯಗಲ ದೊಡ್ಡದು ಮಾಡಿ, ಗೆರೆಗೆಲ್ಲ ಪುಡಿ ಹಾಕಿ ಉಬ್ಬಿಸಿದ್ದಾಳೆ. ಹದಿನೇಳು ಗೆರೆಗೆ ಹದಿನೇಳೂ ಇವೆ. ಕೆತ್ತನೆಯ ಹಾಗೆ ಬಂದಿದೆಯೇ ಕಾಕಾ ಎಂದು ಕೇಳಿದಳು. ಮಂಗ ಮನುಷ್ಯನ ಹಾಗೆ ಬಂದಷ್ಟು ಬಂದಿದೆ ಎಂದೆ. ಹುಡುಗಿಯ ಮುಖ ಸಣ್ಣದಾಯಿತು. ನಾನು ಮೂರು ವಾರ ಕೂತು ಮಾಡುವುದನ್ನು ಇವಳು ಒಂದು ಮಧ್ಯಾಹ್ನದಲ್ಲಿ ಮಾಡಿ, ಮೇಲೆ ನನ್ನಿಂದಲೇ ಶಾಭಾಸ್ ಬೇಕೆಂದರೆ ಎಲ್ಲಿಂದ ತರಲಿ?

ಬರುವಾಗ ಶೇರ್ ರಿಕ್ಷಾದಲ್ಲಿ ಒಂದು ಚಪ್ಪಲಿ ಉಳಿದುಹೋಯಿತು. ಕಾಲಿನಿಂದ ಯಾವಾಗ ಜಾರಿತೋ ತಿಳಿಯಲೇ ಇಲ್ಲ. ಮುಚ್ಚಿದ ಗಿರಣಿಯ ಗೋಡೆಗುಂಟ ಕಾದ ಡಾಂಬರಿನ ಮೇಲೆ ಮನೆಯ ತನಕ ನಡೆದು ಬಂದೆ, ಬಾಗಿಲಲ್ಲಿ ಶಾಲನ ಹೇಳಿದ ಮೇಲೆ ನೋಡಿಕೊಂಡೆ. ಈಗ ಚಪ್ಪಲಿ ಮಾಡುವವರಿಗೂ ನಿಯತ್ತಿಲ್ಲ.

೧೭ ಮೇ, ರವಿವಾರ

ಆಲ್ಬಮ್ ಬಂತು. ಜ್ಯೋತೆಪ್ಪ ಕೈಗೆ ಕೊಟ್ಟು, ಡ್ಯೂಟಿಗೆ ಹೊತ್ತಾಯಿತೆಂದು ಚಹಾ ಕೂಡ ಕುಡಿಯದೆ ಹೋದ. ಆಗ ಅದರಲ್ಲಿ ನನಗೇನೂ ಕಾಣಲಿಲ್ಲ. ಈಗ ಕಾಣುತ್ತಿದೆ.

ಊಟವಾದ ಮೇಲೆ ಕೈ ತೊಳೆದು, ಒರೆಸಿ, ಮುದುಕಿಯ ಮೇಲೆ ಬೆರಳಿಟ್ಟೆ. ಏನೂ ಇಲ್ಲ, ಗಾಜಿನ ಮೇಲೆ ಇಟ್ಟ ಹಾಗೆ. ಬೆವರಿರಬೇಕೆಂದು ಮತ್ತೆ ಒರೆಸಿಕೊಂಡೆ. ಏನೂ ಇಲ್ಲ. ಎರಡನೆಯದು, ಹತ್ತನೆಯದು, ನಲವತ್ತೆರಡನೆಯದು. ಎಲ್ಲ ಚಪ್ಪಟೆ. ಭೂತಗನ್ನಡಿ ಹಿಡಿದರೆ ಗೆರೆಗಳೆಲ್ಲ ಇದ್ದಲ್ಲೇ ಇವೆ, ಟಪಾಲಿನ ಠಸ್ಸೆಯೂ ಇದೆ. ಇರದೆ ಎಲ್ಲಿ ಹೋಗುತ್ತದೆ? ಸ್ಕ್ಯಾನರಿಗೆ ಗೆರೆಯೂ ಒಂದೇ, ಠಸ್ಸೆಯೂ ಒಂದೇ. ಪುಡಿ ಹಾಕಿದರೆ ಮಿಂಚಿ ಸಿಕ್ಕಿಬೀಳುತ್ತದೆಂದು ಪುಡಿ ಹಾಕಿಲ್ಲ, ಅಷ್ಟೇ. ಅಂಚಿನ ತೂತು ಹೊಡೆಯಲು ಪ್ರೆಸ್ಸಿನಲ್ಲಿ ರಸೀದಿ ಪುಸ್ತಕದ ಯಂತ್ರವಿದೆ. ಎರಡು ತಿಂಗಳು ಆಲ್ಬಮ್ ಅವರ ಕೈಯಲ್ಲಿತ್ತು, ಅಸಲು ತೆಗೆದು ನಕಲು ಇಡಲು ಅಷ್ಟು ಸಾಕು. ನನ್ನ ಅಸಲಿಗೆ ಮುಂಬಯಿಯಲ್ಲಿ ಗಿರಾಕಿಗಳಿದ್ದಾರೆಂದು ಒಮ್ಮೆ ಹೇಳಿದವನು ಜ್ಯೋತೆಪ್ಪನೇ.

ಗೋಡೆಗೆ ಮುಖ ಮಾಡಿ ಅತ್ತೆ. ಬರೆಯಲು ನಾಚಿಕೆಯಿಲ್ಲ. ಕಳೆದದ್ದು ಸ್ಟಾಂಪಾಗಿದ್ದರೆ ಇಷ್ಟು ಅಳುತ್ತಿರಲಿಲ್ಲ. ಜ್ಯೋತೆಪ್ಪ ಹೀಗೆ ಮಾಡಿದನಲ್ಲ ಎಂದು ಅತ್ತೆ.

೧೮ ಮೇ, ಸೋಮವಾರ

ಪ್ರೆಸ್ಸಿಗೆ ಹೋಗಲಿಲ್ಲ. ಬಚ್ಚಲಲ್ಲಿ ಇರುವೆ ಮುತ್ತುತ್ತಿವೆ ಎಂದು ಶಾಲನ ಗೊಣಗುತ್ತಿದ್ದಾಳೆ. ಬಿಸಿನೀರು ಸುರಿದರೆ ಜೀವಹತ್ಯೆ, ನವಿರಾಗಿ ಗುಡಿಸಬೇಕು. ಮನೆಗೆ ಕನ್ನ ಬಿದ್ದಿದೆ, ಇವಳಿಗೆ ಇರುವೆಯ ಚಿಂತೆ. ಈ ಬೇಸಿಗೆಯಂಥ ಬೇಸಿಗೆ ನೋಡಿಲ್ಲ, ತಂಬಿಗೆಗಟ್ಟಲೆ ನೀರು ಕುಡಿದರೂ ನಾಲಿಗೆ ಒಣಗುತ್ತದೆ.

೩೧ ಮೇ, ರವಿವಾರ

ಆಲ್ಬಮ್ ಹಿಡಿದು ಮಿರಜಕ್ಕೆ ಜ್ಯೋತೆಪ್ಪನ ಮನೆಗೆ ಹೋಗಿ ಮುಖದ ಮೇಲೆಯೇ ಕೇಳಿದೆ. ಸಂಪದಾ ಸ್ಟೀಲಿನ ಲೋಟಗಳಲ್ಲಿ ಚಹಾ ತಂದಿಟ್ಟಿದ್ದಳು. ಜ್ಯೋತೆಪ್ಪ ತನ್ನ ಲೋಟವನ್ನು ಟವೆಲ್ಲಿನ ಚುಂಗಿನಲ್ಲಿ ಹಿಡಿದು ಊದುತ್ತ ಕೂತಿದ್ದ. ನಾನು ನನ್ನದನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಹೇಳುವುದನ್ನೆಲ್ಲ ಹೇಳಿ ಮುಗಿಸಿದೆ. ಸಂಪದಾ ಬಿಳಿಚಿಕೊಂಡಳು.

“ಕಾಕಾ, ನಾ ಹಂಗ ಯಾಕ ಮಾಡ್ಲಿರಿ? ಒಂದೊಂದನ್ನೂ ಹೂ ಎತ್ತಿಟ್ಟಂಗ ಎತ್ತಿಟ್ಟೇನಿ.”

ಜ್ಯೋತೆಪ್ಪ ಆಲ್ಬಮ್ ತೆಗೆದುಕೊಂಡು ಮೊದಲ ಹಾಳೆಯ ಮೇಲೆ ಬೆರಳಾಡಿಸಿದ. ಆಮೇಲೆ ಮಗಳ ಕಡೆ ಸರಿಸಿದ. ಅವಳೂ ಮುಟ್ಟಿ ಅಪ್ಪನ ಮುಖ ನೋಡಿದಳು. ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದರೆಂದು ನನಗೆ ಆಗಲೇ ಗೊತ್ತಾಯಿತು. ಜ್ಯೋತೆಪ್ಪ ಬಹಳ ಹೊತ್ತು ನೋಡುತ್ತ ಕೂತ, ನನ್ನ ಮುಖವನ್ನಲ್ಲ, ಲೋಟ ಹಿಡಿದ ಕೈಯನ್ನು.

“ದಿಲೀಪಾ, ಸ್ಟಾಂಪ್ ಇರ್ಲಿ. ಮೊದಲ ನಿನ್ನ ಕೈ ಯಾರಿಗರೆ ತೋರಸು.”

ಕಳ್ಳನಿಗೊಂದು ಪಿಳ್ಳೆ ನೆವ. ನನ್ನ ಕೈ ಇರಲಿ, ನಿನ್ನ ಮಗಳ ಕೈ ನೋಡಿಕೋ ಎಂದು ಎದ್ದು ಬಂದೆ. ಮನೆಗೆ ಬಂದರೆ ಅಂಗೈಯಲ್ಲಿ ಬೊಕ್ಕೆ ಎದ್ದಿದೆ. ಸಿಟ್ಟಿನಲ್ಲಿ ಬಸ್ಸಿನ ಕಂಬಿಯನ್ನು ಬಿಗಿಯಾಗಿ ಹಿಡಿದಿದ್ದೆನೇನೋ.

೧೫ ಜೂನ್, ಸೋಮವಾರ

ಪ್ರದರ್ಶನ ನನ್ನನ್ನು ಬಿಟ್ಟು ನಡೆಯಿತು. ಜ್ಯೋತೆಪ್ಪನನ್ನೂ ಬಿಟ್ಟು ನಡೆಯಿತು. ಮಂಡಳಿಗೆ ನಾನು ಎರಡು ಪುಟದ ಕಾಗದ ಬರೆದಿದ್ದೆ. ದಿಲೀಪನ ಬೆರಳು ಚಪ್ಪಟೆ ಅಂದ ಮೇಲೆ ಚಪ್ಪಟೆಯೇ ಎಂದರಂತೆ. ಉದ್ಘಾಟನೆಯ ಹಿಂದಿನ ದಿನ ಅವನು ಸೆಕ್ರೆಟರಿಗಿರಿ ಬಿಟ್ಟುಕೊಟ್ಟ.

ಇವತ್ತು ಅವನಿಂದ ರಿಜಿಸ್ಟರ್ ಪೋಸ್ಟಿನಲ್ಲಿ ಒಂದು ಲಕೋಟೆ ಬಂತು. ಒಳಗೆ ಅವನ ಸ್ವಂತ ಸಂಗ್ರಹದ ಕೆತ್ತನೆಯ ಸ್ಟಾಂಪುಗಳು, ಎಣಿಸಿ ನಲವತ್ತೆರಡು. ಜೊತೆಗೆ ಒಂದು ಚೀಟಿ: ನಿನಗ ಕಡಿಮಿ ಬಿದ್ದಿದ್ದು ತುಂಬಿಕೋ, ರವಿವಾರ ಬರ್ತೇನಿ. ಒಂದು ಗಳಿಗೆ ಎದೆ ಕರಗಿತು. ಆಮೇಲೆ ಬೆರಳಿಟ್ಟೆ. ಅವೂ ಚಪ್ಪಟೆ! ಈ ಸ್ಟಾಂಪುಗಳನ್ನು ಹಿಂದೆ ನೂರು ಸಲ ಮುಟ್ಟಿದ್ದೇನೆ, ಆಗ ಗೆರೆಗಳು ಎದ್ದು ನಿಂತಿದ್ದವು. ಅಂದರೆ ತನ್ನದನ್ನೂ ಮಾರಿಕೊಂಡು, ಖೊಟ್ಟಿಗೆ ಬದಲು ಖೊಟ್ಟಿ ಕೊಟ್ಟು ನನ್ನ ಬಾಯಿ ಮುಚ್ಚಿಸಲು ಹೊರಟಿದ್ದಾನೆ. ಅದೇ ಲಕೋಟೆಯಲ್ಲಿ ವಾಪಸು ಕಳಿಸಿದೆ. ರವಿವಾರ ಬರಬೇಡ ಎಂದು ಬರೆದೆ.

೨ ಜುಲೈ, ಗುರುವಾರ

ನೀಲೇಶನಿಗೆ ಹೇಳಿದೆ. ಪ್ರೆಸ್ಸಿನ ಯಂತ್ರದ ಮೇಲೆ ಖೊಟ್ಟಿ ಸ್ಟಾಂಪು ಮಾಡುವವರನ್ನು ಇಟ್ಟುಕೊಂಡರೆ ನಾಳೆ ಬಾಗಿಲಿಗೆ ಪೊಲೀಸರು ಬರುತ್ತಾರೆ ಎಂದೆ. ಆಲ್ಬಮ್ ಅವನ ಟೇಬಲ್ ಮೇಲಿಟ್ಟೆ. ಒಂದು ದಿನ ಇಟ್ಟುಕೊಂಡ. ಇವತ್ತು ಕರೆದು, ನೀವು ಅಂದ ಮೇಲೆ ಮುಗಿಯಿತು ಕಾಕಾ ಎಂದ.

ಸಂಪದಾ ಸಂಜೆ ಊಟದ ಡಬ್ಬಿ, ಛತ್ರಿ ತೆಗೆದುಕೊಂಡು ಹೋದಳು. ಹೋಗುವಾಗ ನನ್ನ ಮೇಜಿನ ಮುಂದೆ ನಿಂತಳು. ಈ ಹುಡುಗಿ ಮೂರು ವರ್ಷದವಳಿದ್ದಾಗ ಅವಳ ಹೆಸರನ್ನು ಒಂದು ತಾಮ್ರದ ಚೂರಿನ ಮೇಲೆ ಕೆತ್ತಿ ಕೊಟ್ಟಿದ್ದೆ. ಇರಲಿ, ನ್ಯಾಯ ನ್ಯಾಯವೇ. ಹೊತ್ತು ಮುಳುಗುವ ಮುಂಚೆ ಊಟಕ್ಕೆ ಕೂತೆ, ಸೇರಲಿಲ್ಲ.

೨೬ ಜುಲೈ, ರವಿವಾರ

ಯಾರೂ ಬರಲಿಲ್ಲ.

೧೨ ಆಗಸ್ಟ್, ಬುಧವಾರ

ಒಬ್ಬ ಹಳೆಯ ಗಿರಾಕಿ ಡಾಯೇ ಬೇಕು, ಪುಡಿಯ ಆಟ ಬೇಡ ಎಂದು ಹಟ ಹಿಡಿದ. ದೇವರು ಅವನನ್ನು ತಣ್ಣಗಿಟ್ಟಿರಲಿ. ಆರು ತಿಂಗಳ ನಂತರ ತಾಮ್ರದ ತಗಡಿನ ಮುಂದೆ ಕೂತೆ. ಉಳಿ ಎರಡು ಸಲ ಜಾರಿತು, ಅಕ್ಷರ ಕೆಟ್ಟಿತು. ತಗಡು ಸರಿಯಿಲ್ಲ, ಈಗ ಎಲ್ಲದರಲ್ಲೂ ಕಲಬೆರಕೆ. ಮೂರನೆಯ ಅಕ್ಷರಕ್ಕೆ ಬರುವಾಗ ಬೈಂಡಿಂಗಿನ ರೇವಪ್ಪ ಓಡಿ ಬಂದು ಕೈ ಹಿಡಿದ. ಎಡಗೈ ಹೆಬ್ಬೆರಳು ಸೀಳಿ ತಗಡಿನ ತುಂಬ ರಕ್ತ ಹರಿದಿತ್ತು. ನೋವೇ ಆಗಿರಲಿಲ್ಲ. ಕೆಲಸದಲ್ಲಿ ಮನಸ್ಸು ನೆಟ್ಟವನಿಗೆ ಹಾಗೇ ಎಂದು ರೇವಪ್ಪನಿಗೆ ಹೇಳಿದೆ. ಅವನು ನನ್ನನ್ನು ವಿಚಿತ್ರವಾಗಿ ನೋಡಿದ.

೨೮ ಆಗಸ್ಟ್, ಶುಕ್ರವಾರ

ಗಾಯ ಹದಿನಾರು ದಿನವಾದರೂ ಮಾಯಲಿಲ್ಲ. ಶಾಲನ ನಮ್ಮ ಜೈನರ ದಶಲಕ್ಷಣ ಪರ್ವದ ಒಪ್ಪತ್ತಿನ ವ್ರತದಲ್ಲಿದ್ದಾಳೆ, ಆದರೂ ಹಟ ಹಿಡಿದು ಮಿರಜದ ಡಾಕ್ಟರಿಗೆ ಎಳೆದುಕೊಂಡು ಹೋದಳು. ಡಾಕ್ಟರ್ ವಯಸ್ಸಿನಲ್ಲಿ ಸಂಪದಾಳಷ್ಟೇ. ಕಣ್ಣು ಮುಚ್ಚಿ ಕೂರಿ, ಸೂಜಿ ತಾಗಿದಾಗ ಹೇಳಿ ಎಂದಳು. ಮುಚ್ಚಿ ಕೂತೆ. ಕೂತೇ ಇದ್ದೆ. ಯಾವಾಗ ಶುರು ಮಾಡುತ್ತೀರಿ ಎಂದು ಕೇಳಿದೆ. ಮುಗಿಯಿತು, ಕಣ್ಣು ತೆಗೆಯಿರಿ ಎಂದಳು. ಬಲಗೈಯ ಐದೂ ಬೆರಳಿನ ತುದಿಯಲ್ಲಿ ಸೂಜಿಯ ಗುರುತಿತ್ತು. ಶಾಲನ ಸೆರಗನ್ನು ಬಾಯಿಗೊತ್ತಿ ನಿಂತಿದ್ದಳು.

ಸಕ್ಕರೆ ಕಾಯಿಲೆಯಂತೆ. ಎಷ್ಟೋ ವರ್ಷದ್ದಂತೆ. ಮೊದಲು ಕಾಲಿನ ನರ, ಆಮೇಲೆ ಕೈಯದು. ಮೂವತ್ತು ವರ್ಷ ಉಳಿಯ ಹಿಡಿಯನ್ನು ಅಂಗೈಗೆ ಒತ್ತಿದ್ದೂ ಅದಕ್ಕೆ ಕೂಡಿದೆಯಂತೆ. ಎಂದಿನಿಂದ ಹೀಗಿದೆ ಎಂದು ಕೇಳಿದಳು. ನನಗೆ ಗೊತ್ತಿಲ್ಲ ಎಂದೆ. ಇಡೀ ಜಿಲ್ಲೆಗೆ ಬೆರಳಿನ ಲೆಕ್ಕದಲ್ಲಿ ನ್ಯಾಯ ಹೇಳುವವನಿಗೆ ತನ್ನ ಬೆರಳು ಯಾವಾಗ ಸತ್ತಿತೆಂದು ಗೊತ್ತಿಲ್ಲ.

ಮನೆಗೆ ಬಂದು ಆಲ್ಬಮ್ ತೆಗೆದು ಶಾಲನಳ ಮುಂದಿಟ್ಟೆ. ಮುಟ್ಟು ಎಂದೆ. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಆಲ್ಬಮ್ಮಿಗೆ ಕೈ ಹಚ್ಚಬೇಡವೆಂದೇ ಹೇಳಿದವನು ನಾನು. ಅವಳು ಹೆದರಿಕೊಂಡೇ ಮುದುಕಿಯ ಮೇಲೆ ಬೆರಳಿಟ್ಟಳು.

“ಕಸೂತಿ ಎಳಿ ಮುಟ್ಟಿದಂಗ ಹತ್ತತೈತಲ್ರಿ.”

ಎಲ್ಲ ಹಾಳೆ ಮುಟ್ಟಿಸಿದೆ. ನಲವತ್ತೆರಡೂ ಅಸಲು. ಎಲ್ಲಿಗೂ ಹೋಗಿರಲಿಲ್ಲ. ನನ್ನ ಮೇಲೆ ನನಗೇ ಹೇಸಿಗೆಯಾಗಿದೆ, ಬೇರೆ ಮಾತಿಲ್ಲ.

೪ ಸೆಪ್ಟೆಂಬರ್, ಶುಕ್ರವಾರ

ಕ್ಷಮಾವಾಣಿಯ ಕಾರ್ಡುಗಳು ಬಂದವು. ಪರ್ವ ಮುಗಿದ ಮೇಲೆ ಮನೆಮನೆಗೆ ಹೋಗಿ, ಕೈಮುಗಿದು, ವರ್ಷದ ತಪ್ಪುಗಳಿಗೆ ಕ್ಷಮೆ ಕೇಳುವ ನಮ್ಮ ಪದ್ಧತಿಗೂ ಈಗ ಅಂಚೆಯೇ ಸಾಕಾಗಿದೆ. ಈ ಸಲ ನೀಲೇಶ ಅಕ್ಷರಕ್ಕೆ ಪುಡಿ ಹಾಕಿಸಿದ್ದಾನೆ. ತಿಳಿದೋ ತಿಳಿಯದೆಯೋ ತಮ್ಮ ಮನಸ್ಸು ನೋಯಿಸಿದ್ದರೆ, ಎಂದು ಶುರುವಾಗುತ್ತದೆ. ಬೀಗರು, ನೆಂಟರು, ಬಸದಿಯ ಮಂದಿ, ಒಟ್ಟು ಅರವತ್ತು ವಿಳಾಸ ಬರೆದೆ.

ಜ್ಯೋತೆಪ್ಪ ಜೈನನಲ್ಲ. ಆದರೂ ಪ್ರತಿ ವರ್ಷ ಆ ದಿನ ಅವನ ಮನೆಗೆ ಖುದ್ದಾಗಿ ಹೋಗುತ್ತಿದ್ದೆ. ನೀನೇನು ತಪ್ಪು ಮಾಡಿದ್ದಿ ಮಾರಾಯಾ ಎಂದು ಅವನು ನಕ್ಕು ಪೇಢೆ ಕೊಡುತ್ತಿದ್ದ. ಈ ವರ್ಷ ಅರವತ್ತೊಂದನೆಯ ಕಾರ್ಡಿನ ಮೇಲೆ ಅವನ ವಿಳಾಸ ಬರೆದೆ. ಹೇಳಬೇಕಾದ್ದೆಲ್ಲ ಅಚ್ಚಾಗಿಯೇ ಇದೆ. ಕಾಲು ಬೇರೆ ಸರಿಯಿಲ್ಲ, ಎರಡು ಕಡೆ ಬಸ್ಸು ಹಿಡಿದು ಮಿರಜದ ತನಕ ಹೋಗುವುದು ಡಾಕ್ಟರಿಗೂ ಸೇರುವುದಿಲ್ಲ. ಶಾಲನ ಆ ಕಾರ್ಡಿನ ವಿಳಾಸ ನೋಡಿದಳು, ನನ್ನನ್ನು ನೋಡಿದಳು, ಒಳಗೆ ಹೋದಳು.

೭ ಸೆಪ್ಟೆಂಬರ್, ಸೋಮವಾರ. ಕ್ಷಮಾವಾಣಿ

ಮುಂಜಾನೆ ಬಾಗಿಲಲ್ಲಿ ಜ್ಯೋತೆಪ್ಪ ನಿಂತಿದ್ದ. ಕೈಯಲ್ಲಿ ನನ್ನ ಕಾರ್ಡು. ಶಾಲನ ಬರ್ರಿ ಅಣ್ಣಾ, ಕುಂದ್ರಿ ಎಂದಳು. ಕೂತ. ಕಾರ್ಡನ್ನು ನಮ್ಮಿಬ್ಬರ ನಡುವೆ ಇಟ್ಟ.

“ವಿಂಗಡಿಸೂ ಮುಂದ ನನ್ನ ಕೈಗೇ ಬಂತು. ನಿನ್ನ ಅಕ್ಷರ ಗುರ್ತ ಹಿಡದೆ. ಮಿರಜದ ಖಣದಾಗ ನಾನೇ ಒಗದೆ. ಶನಿವಾರ ಪೋಸ್ಟಮನ್ ತಂದು ಮನ್ಯಾಗ ಕೊಟ್ಟ.”

ನಾನು ಸೂಜಿಯ ಸಂಗತಿ ಹೇಳಿದೆ. ಸ್ಟಾಂಪೆಲ್ಲ ಅಸಲೇ ಇವೆ, ನಿನ್ನವೂ ಅಸಲೇ ಇದ್ದವು, ಬೆರಳು ಸತ್ತಿತ್ತು ಎಂದೆ. ಅವನು ಆಶ್ಚರ್ಯಪಡಲಿಲ್ಲ. ಮೇ ತಿಂಗಳಲ್ಲೇ ಗೊತ್ತಾಗಿತ್ತಂತೆ. ತಾನು ಬರಿಗೈಯಲ್ಲಿ ಮುಟ್ಟಲಾಗದ ಲೋಟವನ್ನು ನಾನು ಮುಷ್ಟಿಯಲ್ಲಿ ಹಿಡಿದು ಕೂತು ಬೈಯುತ್ತಿದ್ದೆನಂತೆ. ಹಾಗಾದರೆ ಅವತ್ತೇ ಯಾಕೆ ಬಿಡಿಸಿ ಹೇಳಲಿಲ್ಲ ಎಂದು ಕೇಳಿದೆ. ಕೇಳಬಾರದಿತ್ತು.

“ಹೇಳಿದ್ನಿ. ನೀ ನನ್ನ ಮಗಳ ಕೈ ನೋಡು ಅಂದಿ.” ಕಾರ್ಡನ್ನು ನನ್ನ ಕಡೆ ಸರಿಸಿದ. “ದಿಲೀಪಾ, ಸ್ಟಾಂಪ್ ಖರೆಯೋ ಖೊಟ್ಟಿಯೋ ಬೆರಳಲೆ ನೋಡ್ತಿದ್ದಿ, ಬರೋಬರಿ. ಬೆರಳು ಸತ್ತಿದ್ದು ನಿನ್ನ ತಪ್ಪಲ್ಲ. ನಾ ಖರೆಯೋ ಖೊಟ್ಟಿಯೋ ಯಾತರಲೆ ನೋಡಿದ್ದಿ?”

ಕೈಮುಗಿಯಲು ಹೋದೆ, ತಡೆದ. ಸಂಪದಾ ಈಗ ಇಚಲಕರಂಜಿಯ ಒಂದು ಪ್ರೆಸ್ಸಿಗೆ ಹೋಗುತ್ತಾಳಂತೆ, ಅರ್ಧ ಪಗಾರಕ್ಕೆ, ದಿನಕ್ಕೆ ನಾಲ್ಕು ತಾಸು ಬಸ್ಸಿನಲ್ಲೇ. ಹೋದ ಕಡೆಯಲ್ಲೆಲ್ಲ ಸಾಂಗ್ಲಿಯ ಕೆಲಸ ಯಾಕೆ ಹೋಯಿತೆಂದು ಕೇಳುತ್ತಾರಂತೆ.

“ನನ್ನ ಮುಂದ ಬ್ಯಾಡ. ನೀಲೇಶನ ಮುಂದ ಅಂದಿದ್ದಿ, ಅಲ್ಲೇ ತಿರುಗಿ ಅನ್ನು.”

ಚಹಾ ಕುಡಿಯಲಿಲ್ಲ. ಕಾರ್ಡು ಇಲ್ಲೇ ಬಿಟ್ಟು ಹೋದ.

ಅಲ್ಲಿ ಹೋಗಿ ಹೇಳುವುದು ಸುಲಭವಲ್ಲ. ಬೆರಳು ಸತ್ತಿದೆ ಎಂದು ಬಾಯಿಬಿಟ್ಟ ದಿನ ಕೆತ್ತುವವನ ಕತೆ ಮುಗಿಯಿತು. ಡಾಯ್ ಕೇಳುವ ಒಬ್ಬಿಬ್ಬರು ಇನ್ನೂ ಇದ್ದಾರೆ. ಹಾಗೂ ಹೀಗೂ ಕಣ್ಣಿನ ಅಂದಾಜಿನಲ್ಲಿ ಎರಡು ವರ್ಷ ತಳ್ಳಬಹುದಿತ್ತು.

೯ ಸೆಪ್ಟೆಂಬರ್, ಬುಧವಾರ

ನಿನ್ನೆ ಹೋಗಿ ಹೇಳದೆ ಬಂದೆ. ಇವತ್ತು ಹೇಳಿದೆ. ರೇವಪ್ಪ, ಯಂತ್ರದ ಇಬ್ಬರು, ಸಂಪದಾಳ ಕುರ್ಚಿಯಲ್ಲಿ ಕೂತ ಹೊಸ ಹೆಂಗಸು, ಎಲ್ಲರೂ ಇದ್ದರು. ಸಂಪದಾ ಏನೂ ಮಾಡಿಲ್ಲ, ಸ್ಟಾಂಪು ಅಸಲೇ ಇವೆ, ಸತ್ತಿದ್ದು ನನ್ನ ಬೆರಳು ಎಂದೆ. ಕನ್ನಡದಲ್ಲಿ ಒಮ್ಮೆ, ಮರಾಠಿಯಲ್ಲಿ ಒಮ್ಮೆ. ಯಾರೂ ನಗಲಿಲ್ಲ. ನಕ್ಕಿದ್ದರೆ ತಾಳಿಕೊಳ್ಳಬಹುದಿತ್ತು.

ನೀಲೇಶ ಒಳಗೆ ಕರೆದು ಕೂರಿಸಿದ. ಸಂಪದಾಳಿಗೆ ಇವತ್ತೇ ಹೇಳಿಕಳಿಸುತ್ತೇನೆ, ಬರುವುದು ಬಿಡುವುದು ಅವಳ ಇಷ್ಟ ಎಂದ. ನನಗೆ ಕಾರ್ಡು ಎಣಿಸಿ ಕಟ್ಟುವ ಕೆಲಸ ಕೊಡಬಲ್ಲೆ, ಬೇಕಿದ್ದರೆ, ಎಂದ. ಬೇಕು ಎಂದೆ. ಎದ್ದು ಬಾಗಿಲ ತನಕ ಬಂದಾಗ ಹಿಂದಿನಿಂದ ಮತ್ತೆ ಕರೆದ.

“ಕಾಕಾ, ಅವತ್ತ ಆಲ್ಬಮ್ ಇಟ್ಟ ಹೋದ್ರಲ್ಲ, ನಾನೂ ಮುಟ್ಟಿ ನೋಡಿದ್ನಿ. ನನಗ ಗೆರಿ ಹತ್ತಿದ್ವು. ಆದ್ರ ನೀವು ಚಪ್ಪಟಿ ಅಂದ ಮ್ಯಾಲೆ ನನಗೇನ ತಿಳಿತದ ಅಂತ ಸುಮ್ಮನಾದ್ನಿ.”

ಜ್ಯೋತೆಪ್ಪನಿಗೆ ತಾಕಿತ್ತು. ಸಂಪದಾಳಿಗೆ ತಾಕಿತ್ತು. ನೀಲೇಶನಿಗೂ ತಾಕಿತ್ತು. ತಾಕದವನು ನಾನೊಬ್ಬನೇ, ನಡೆದದ್ದು ನನ್ನ ಮಾತು.